ದೊರೆಸಾನಿ ಮಾಡಿದ ಮುಖ

ಹೋದ ತಿಂಗಳು ರಾಯಚೂರಿನ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕುಳಿತಿದ್ದೆ. ಉಳಿದಿದ್ದ ಮೂರು ಹಲ್ಲನ್ನೂ ಕಿತ್ತಾಗಿತ್ತು. ಕಟ್ಟಿಸುವ ಹಲ್ಲಿಗೆ ಅಚ್ಚು ತೆಗೆಯಬೇಕೆಂದು ಡಾಕ್ಟರರು ರಬ್ಬರಿನ ಬಟ್ಟಲಲ್ಲಿ ಬಿಳಿ ಪುಡಿ ಹಾಕಿ, ನೀರು ಬೆರೆಸಿ ಕಲಸತೊಡಗಿದರು. ಹಸಿ ಗೋಡೆಯ ವಾಸನೆಯಂಥ ಒಂದು ವಾಸನೆ ಎದ್ದಿತು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣಿಂದ ನೀರು ಇಳಿಯಲು ಶುರುವಾಯಿತು. "ನಾ ಇನ್ನೂ ಮುಟ್ಟೇ ಇಲ್ಲಲ್ರೀ ಅಮ್ಮಾ" ಎಂದು ಡಾಕ್ಟರರು ಗಾಬರಿಯಾದರು. ಪಾಪ, ಅವರಿಗೆ ಏನೆಂದು ಹೇಳುವುದು? ಹೇಳಲಾದರೂ ಬಾಯಲ್ಲಿ ಹಲ್ಲು ಇರಬೇಕಲ್ಲ.

ಆ ವಾಸನೆಯನ್ನು ನಾನು ಮೊದಲ ಸಲ ಮೂಸಿದ್ದು ಮಸ್ಕಿಯ ಮುಸಾಫರಿ ಬಂಗಲೆಯಲ್ಲಿ, ನಿಜಾಮರ ಕಾಲದಲ್ಲಿ. ಇಂಗ್ಲೆಂಡಿನಿಂದ ಬಂದಿದ್ದ ಹೆಂಗಸೊಬ್ಬಳು ಅಂಥದೇ ಬಿಳಿ ಗಂಜಿಯನ್ನು ನನ್ನ ಮೈದುನನ ಮುಖದ ಮೇಲೆ ಸುರಿದಿದ್ದಳು. ನನಗೆ ಎಪ್ಪತ್ತು ದಾಟಿದೆ. ನಿನ್ನೆ ಏನು ಉಂಡೆ ಎಂದು ಕೇಳಿದರೆ ಸೊಸೆಯ ಮುಖ ನೋಡುತ್ತೇನೆ. ಆ ಒಂದು ಸುಗ್ಗಿ ಮಾತ್ರ ಒಂದೊಂದು ದಿನವೂ ನೆನಪಿದೆ. ನೆನಪಿದೆ ಎಂದಮಾತ್ರಕ್ಕೆ ಅರ್ಥವಾಗಿದೆ ಎಂದು ಯಾರೂ ತಿಳಿಯಬಾರದು.

ನಾನು ಮುದಗಲ್ಲಿನ ಮಗಳು, ಮಸ್ಕಿಗೆ ಸೊಸೆಯಾಗಿ ಹೋದವಳು. ಗಂಡನ ಹೆಸರು ಸಂಗಪ್ಪ. ಆಗ ಗಂಡನ ಹೆಸರು ಬಾಯಲ್ಲಿ ಆಡುವಂತಿರಲಿಲ್ಲ. ಈಗ ಬರೆಯುತ್ತೇನೆ, ಬೈಯುವವರು ಯಾರೂ ಉಳಿದಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು ಏಳು ತಿಂಗಳು. ಹದಿನಾಲ್ಕು ಜನರ ಮನೆ. ಹಗಲು ಹೊತ್ತು ಅವರು ಎದುರಿಗೆ ಬಂದರೆ ನಾನು ಸೆರಗು ಎಳೆದು ಗೋಡೆಯ ಕಡೆ ತಿರುಗಬೇಕು. ಅವರ ಪಾದ ನನಗೆ ಚೆನ್ನಾಗಿ ಗೊತ್ತಿತ್ತು. ಎತ್ತು ತುಳಿದು ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಕೆಮ್ಮು ಗೊತ್ತಿತ್ತು. ಬಾಗಿಲಿಗೆ ಬರುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ದನಿ ಗೊತ್ತಿತ್ತು.

ಒಂದು ದಿನ ಹತ್ತಿ ಮಾರಲು ಲಿಂಗಸುಗೂರಿಗೆ ಹೋದವರು ಅಲ್ಲಿ ಲಡಾಯಿಗೆ, ಈಗ ಮೊದಲನೆಯ ಮಹಾಯುದ್ಧ ಎನ್ನುತ್ತಾರಲ್ಲ ಅದಕ್ಕೆ, ಜನ ಕೂಡಿಸುವವನ ಮಾತು ಕೇಳಿ ಬಂದರು. ಬಂದೂಕು ಹಿಡಿಯುವುದಕ್ಕಲ್ಲ, ಬಸ್ರಾ ಎಂಬ ಊರಲ್ಲಿ ಸೈನ್ಯದ ಹೇಸರಗತ್ತೆಗಳನ್ನು ನೋಡಿಕೊಳ್ಳುವುದಕ್ಕೆ. ಮೂರನೆಯ ದಿನ ಹೊರಟೇಬಿಟ್ಟರು. ಯಾಕೆ ಹೋದರು? ಮನೆಯಲ್ಲಿ ಹೊಲವಿತ್ತು, ಉಣ್ಣಲಿತ್ತು. ಅಪ್ಪನ ಬಾಯಿ ತಾಳದೆ ಹೋದರು ಎಂದು ಕೆಲವರು, ಹಡಗು ನೋಡುವ ಹುಚ್ಚಿಗೆ ಹೋದರು ಎಂದು ಕೆಲವರು. ನನಗೆ ಹೇಳಿದ್ದು ಇಷ್ಟೇ: "ಎರಡ ವರ್ಷ. ಬರ್ತೀನಿ." ಆಗಲೂ ನಾನು ಪಾದವನ್ನೇ ನೋಡುತ್ತಿದ್ದೆ.

ಬಸ್ರಾದಿಂದ ಉರ್ದುವಿನಲ್ಲಿ ಬರೆಸಿದ ಒಂದು ಕಾಗದ ಬಂತು. ಅಲ್ಲಿ ಬಿಸಿಲು ಬಹಳ, ಖರ್ಜೂರ ಬಹಳ, ಎಲ್ಲರಿಗೂ ಶರಣು ಎಂದಿತ್ತು. ಆಮೇಲೆ ಏನೂ ಇಲ್ಲ. ಲಡಾಯಿ ಮುಗಿಯಿತು. ಸಿಂಧನೂರು ಕಡೆಯ ಇಬ್ಬರು ತಿರುಗಿ ಬಂದರು. ಒಬ್ಬ, ಸಂಗಪ್ಪ ಜ್ವರ ಬಂದು ಸತ್ತ ಎಂದ. ಇನ್ನೊಬ್ಬ, ಜ್ವರ ಬಂದದ್ದು ಬೇರೆಯವನಿಗೆ, ಸಂಗಪ್ಪ ಇನ್ನೊಂದು ಹಡಗು ಹತ್ತಿದ್ದನ್ನು ನಾನೇ ಕಂಡೆ ಎಂದ. ಮಾವ ಕಚೇರಿಗೆ ಅಲೆದರು. ಸತ್ತವರ ಪಟ್ಟಿಯಲ್ಲೂ ಆ ಹೆಸರಿಲ್ಲ, ಬದುಕಿದವರ ಪಟ್ಟಿಯಲ್ಲೂ ಇಲ್ಲ. ಹೀಗೆ ಆರು ವರ್ಷ ಕಳೆಯಿತು.

ನನ್ನ ಪಾಡು ಏನೆಂದು ಹೇಳಲಿ. ಉಡಿ ತುಂಬುವಲ್ಲಿ ಹೆಂಗಸರು ಸಾಲಾಗಿ ಕುಂಕುಮ ಹಚ್ಚುತ್ತ ಬಂದವರು ನನ್ನ ಮುಂದೆ ಬಂದಾಗ ಬೆರಳು ನಿಲ್ಲಿಸುತ್ತಿದ್ದರು. ಒಬ್ಬಳು ದಾಟಿ ಮುಂದೆ ಹೋಗುವಳು, ಮತ್ತೆ ಮನಸ್ಸು ತಡೆಯದೆ ಹಿಂದೆ ಬಂದು ಹಚ್ಚುವಳು. ದಾಟಿ ಹೋದರೂ ನಾಚಿಕೆ, ಹಚ್ಚಿದರೂ ನಾಚಿಕೆ. ಮುತ್ತೈದೆಯೋ ಅಲ್ಲವೋ ಎಂದು ನನಗೇ ಗೊತ್ತಿಲ್ಲದ ಮೇಲೆ ಅವರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ?

ಆ ವರ್ಷ ಜೋಳ ಕೊಯ್ಲಿಗೆ ಬಂದಾಗ ಮುದಗಲ್ಲಿನಿಂದ ನನ್ನ ಅಣ್ಣ ಬಂದ. ಮಾವನ ಮುಂದೆ ಕುಳಿತು ಹೇಳಿದ, "ನಮ್ಮ ನೀಲಿನ್ನ ಹಿಂಗ ಎಷ್ಟ ದಿನ ಕೂಡಸ್ತೀರ್ರಿ? ನಮ್ಮೂರಾಗ ಒಬ್ಬ ಮಾಸ್ತರ ಅದಾರ. ಹೆಂಡತಿ ತೀರಿಕೊಂಡಾಳ. ಉಡಕಿ ಮಾಡಿಕೊಳ್ಳಾಕ ಒಪ್ಪ್ಯಾರ." ಉಡಕಿ ಎಂದರೆ ನಮ್ಮಲ್ಲಿ ಹೆಣ್ಣಿನ ಎರಡನೆಯ ಮದುವೆ, ಬಾಜಾಭಜಂತ್ರಿ ಇಲ್ಲದ ಮದುವೆ. ಆದರೆ ಮೊದಲನೆಯವರು ಸತ್ತದ್ದು ಗಟ್ಟಿಯಾಗಬೇಕು. ಅದಕ್ಕೆ ಮಠದ ಅಯ್ಯನವರು ದಾರಿ ಹೇಳಿದರು: ಹೆಣ ಸಿಗದವರಿಗೆ ಹಿಟ್ಟಿನ ಗೊಂಬೆ ಮಾಡಿ, ಮಂತ್ರ ಹೇಳಿ, ಹೊಲದಲ್ಲಿ ಮಣ್ಣು ಕೊಟ್ಟರೆ ಆಯಿತು, ಅಲ್ಲಿಗೆ ಎಲ್ಲ ನೇರವಾಗುತ್ತದೆ.

ಮಾವ ಒಪ್ಪಿದರು. ಅತ್ತೆ ಈರಮ್ಮ ಒಪ್ಪಲಿಲ್ಲ. "ಹಿಟ್ಟಿನ ಗೊಂಬಿ ಹುಗದು ನನ್ನ ಮಗ ಹೋದ ಅನ್ನಬೇಕಾ? ಅದಕ್ಕ ಮೂಗ ಐತಾ, ಬಾಯಿ ಐತಾ? ನಾಳೆ ಶಿವಾ ಅದನ್ನ ನೋಡಿ ಇಂವ ಯಾರಂವಾ ಅಂತ ಕೇಳಿದರ?" ಎಂದು ಅಯ್ಯನವರನ್ನೇ ಕೇಳಿದಳು. ಅಯ್ಯನವರು ಶಿವನಿಗೆ ಎಲ್ಲ ತಿಳಿಯುತ್ತದೆ ಎಂದರು. "ತಿಳಿಯೂದಿದ್ದರ ನನಗೊಂದ ಮಾತ ಹೇಳತಿದ್ದ" ಎಂದಳು ಅತ್ತೆ. ಮಗನ ಮುಖ ಇಲ್ಲದ ಗೊಂಬೆಗೆ ಅವಳು ಮಣ್ಣು ಹಾಕುವವಳಲ್ಲ. ಅಲ್ಲಿಗೆ ಮಾತು ನಿಂತಿತು. ಅಣ್ಣ ಪಡಸಾಲೆಯಲ್ಲಿ ಬಿಡಾರ ಹೂಡಿದ. ನಾನು ಒಳಗೆ ರೊಟ್ಟಿ ಬಡಿಯುತ್ತ ಕುಳಿತೆ, ಯಾರ ಕಡೆ ಹಾರೈಸಬೇಕೋ ತಿಳಿಯದೆ.

ದೊರೆಸಾನಿ ಮಸ್ಕಿಗೆ ಬಂದದ್ದು ಇದೇ ಹೊತ್ತಿಗೆ. ಅವಳ ಹೆಸರು ಹ್ಯಾರಿಯಟ್. ಲಿಂಗಸುಗೂರು ಕಡೆಯ ಚಿನ್ನದ ಗಣಿಯಲ್ಲಿ ಅವಳ ಅಕ್ಕನ ಮಗ ಕೆಲಸಕ್ಕಿದ್ದ. ಅವನನ್ನು ನೋಡಲು ಬಂದವಳು ಬೆಟ್ಟದ ಬಂಡೆಯ ಮೇಲಿನ ಹಳೇ ಅಕ್ಷರ ನೋಡಲೆಂದು ಇಲ್ಲಿಗೆ ಬಂದು, ಅಕ್ಷರ ಬಿಟ್ಟು ಜನರ ಮುಖ ನೋಡುತ್ತ ಬಂಗಲೆಯಲ್ಲಿ ಉಳಿದುಬಿಟ್ಟಳು. ಐವತ್ತರ ಹೆಂಗಸು, ಗಂಡಸರ ಬೂಟು, ಬಿಸಿಲಿಗೆ ಸುಲಿದು ಕೆಂಪಾದ ಮೂಗು. ಕುಂಬಾರನಿಂದ ಕೆರೆಯ ಮಣ್ಣು ತರಿಸಿ, ತುಳಿಸಿ, ಕಟ್ಟಿಗೆಯ ಗೂಟಕ್ಕೆ ಮೆತ್ತಿ ಕುರುಬರ ಹಿರಿಯನ ತಲೆಯನ್ನು ಮಾಡಿದ್ದಳಂತೆ. ಅವನ ಹೆಂಡತಿ ಅದಕ್ಕೂ ಗಂಡನಿಗೂ ಫರಕು ತಿಳಿಯದೆ ಬೈದಳಂತೆ. ಊರು ಅವಳನ್ನು ಮಣ್ಣಿನ ದೊರೆಸಾನಿ ಎಂದು ಕರೆಯಿತು.

ಈ ಸುದ್ದಿ ಅತ್ತೆಯ ಕಿವಿಗೆ ಬಿದ್ದ ಮರುದಿನವೇ ನನ್ನ ಕೈಹಿಡಿದು ಬಂಗಲೆಗೆ ನಡೆದಳು, ಒಂದು ಗಡಿಗೆ ಬೆಣ್ಣೆಯೊಂದಿಗೆ. ದಾರಿಯಲ್ಲಿ ನನಗೆ ತಾಕೀತು: "ಹುಗಿಯಾಕ ಅಂತ ಬಾಯಿ ಬಿಟ್ಟೀ ಮತ್ತ. ಮಣ್ಣಾಗ ಹೋಗೂದು ಅಂದ್ರ ಯಾರು ಮನಸಿಟ್ಟು ಮಾಡ್ತಾರ? ಮನ್ಯಾಗ ಇಟಗೊಳ್ಳಾಕ ಅಂತ ಹೇಳೋಣು." ನಾನು ತಲೆಯಾಡಿಸಿದೆ. ಆ ಮನೆಯಲ್ಲಿ ನನ್ನ ತಲೆ ಆಗ ಅದಕ್ಕಷ್ಟೇ ಇತ್ತು.

ದೊರೆಸಾನಿಯ ಜೊತೆ ರೂತಮ್ಮ ಎಂಬ ಹೆಂಗಸಿದ್ದಳು. ಲಿಂಗಸುಗೂರಿನವಳು, ದವಾಖಾನೆಯಲ್ಲಿ ಕೆಲಸ ಮಾಡಿ ಇಂಗ್ಲಿಷ್ ಕಲಿತವಳು. ಅವಳ ಬಾಯಿಂದಲೇ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ. ಚಿತ್ರಪಟ ಇದೆಯೇ ಎಂದು ದೊರೆಸಾನಿ ಕೇಳಿದಳು. ಇಲ್ಲ ಎಂದೆವು. ಹಾಗಾದರೆ ಆಗದು ಎಂದಳು. ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡು, "ತಮ್ಮ ಅದಾನ್ರಿ, ಅಣ್ಣನಂಗ ಅದಾನ. ಉಳದದ್ದು ಇಕಿ ಹೇಳತಾಳ. ಇಕಿ ಹೆಂಡತಿ" ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು. ದೊರೆಸಾನಿ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೂಂ ಎಂದಳು.

ಮೈದುನ ಶಿವಪ್ಪನನ್ನು ಹೊರಸಿನ ಮೇಲೆ ಮಲಗಿಸಿ, ಮುಖಕ್ಕೆ ಎಣ್ಣೆ ಹಚ್ಚಿ, ಮೂಗಿನ ಹೊಳ್ಳೆಗೆ ಎರಡು ಹುಲ್ಲಿನ ಕೊಳವೆ ಇಟ್ಟು, ಆ ಬಿಳಿ ಗಂಜಿ ಸುರಿದಳು. ಅದು ಗಟ್ಟಿಯಾಗುತ್ತ ಬಿಸಿಯಾಗುತ್ತದಂತೆ. ಶಿವಪ್ಪ ಕಾಲು ಝಾಡಿಸಿದ. ಅತ್ತೆ, "ಒಬ್ಬಂವ ಬಸ್ರಾದಾಗ ಹೋದ, ಇನ್ನೊಬ್ಬಂವ ಇಲ್ಲೇ ಹೊಂಟ" ಎಂದು ಎದೆ ಬಡಿದುಕೊಂಡಳು. ಅಚ್ಚು ಕಿತ್ತಾಗ ಅರ್ಧ ಮೀಸೆ ಅದರೊಂದಿಗೇ ಬಂತು. ಉಳಿದರ್ಧವನ್ನು ತಾನೇ ಬೋಳಿಸಿಕೊಂಡು ಶಿವಪ್ಪ ಕಣದ ಕಡೆ ಹೋದವನು ವಾರಗಟ್ಟಲೆ ಊರೊಳಗೆ ಮುಖ ತೋರಿಸಲಿಲ್ಲ.

ಅದರ ಮೇಲಿಂದ ಮಣ್ಣಿನ ಮುಖ ಎದ್ದಿತು. ದಿನಾ ಮಧ್ಯಾಹ್ನ ನಾನೂ ಅತ್ತೆಯೂ ಹೋಗಿ ಕೂರುವುದು. ಹಣೆ ಅಗಲವೋ ಕಿರಿದೋ? ತುಟಿ ದಪ್ಪವೋ? ಹುಬ್ಬು ಕೂಡಿದ್ದವೋ? ಕೇಳಿದ್ದೆಲ್ಲ ನನ್ನನ್ನೇ. ನಾನು ಏನು ಹೇಳಲಿ? ಒಂದು ದಿನ ಹಣೆ ಅಗಲ ಎಂದೆ, ಮರುದಿನ ಅಷ್ಟು ಅಗಲ ಅಲ್ಲ ಎಂದೆ. ಅವಳು ಬೇಸರವಿಲ್ಲದೆ ತೆಗೆದು ಮತ್ತೆ ಮೆತ್ತುತ್ತಿದ್ದಳು. ಗಂಡನ ಮುಖ ಗೊತ್ತಿಲ್ಲದ ಹೆಂಡತಿ ಎಂದು ಗೊತ್ತಾದರೆ ಅತ್ತೆ ಏನೆನ್ನುವಳೋ ಎಂಬ ಹೆದರಿಕೆಗೆ ನಾನು ಬಾಯಿಗೆ ಬಂದದ್ದು ಹೇಳುತ್ತ ಹೋದೆ.

ಕೈ ಕೆಲಸ ಮಾಡುವಾಗ ದೊರೆಸಾನಿಯ ಬಾಯಿ ತನ್ನ ಕಥೆ ಹೇಳುತ್ತಿತ್ತು. ಅವಳ ಅಪ್ಪ ಸಮಾಧಿಯ ಕಲ್ಲು ಕೆತ್ತುವವನು. ಸದಾ ಜಿಟಿಜಿಟಿ ಮಳೆಯ ಊರು. ಚಿಕ್ಕವಳಿದ್ದಾಗಲೇ ಸತ್ತವರ ಹೆಸರು ಕಲ್ಲಿನಲ್ಲಿ ಕೊರೆಯಲು ಕಲಿತಳಂತೆ. ಒಂದು ಸಲ ಹೆಸರಿನ ಪಕ್ಕದಲ್ಲಿ ಕೇಳದೆ ಒಂದು ಹಕ್ಕಿ ಕೆತ್ತಿ ಹೊಡೆತ ತಿಂದಳು. ಅದೇ ಹಕ್ಕಿ ನೋಡಿದ ಪಾದ್ರಿಯೊಬ್ಬ ಸಂಜೆಯ ಶಾಲೆಗೆ ಹಾಕಿಸಿದ. ಅಲ್ಲಿಂದ ಲಂಡನ್ನು. ಅಲ್ಲಿ ಗಂಡುಮಕ್ಕಳಿಗೆ ಬದುಕಿದ ಮನುಷ್ಯರನ್ನು ಎದುರಿಗೆ ನಿಲ್ಲಿಸಿ ಕಲಿಸುತ್ತಿದ್ದರಂತೆ, ಹೆಣ್ಣುಮಕ್ಕಳಿಗೆ ಪ್ಲಾಸ್ಟರಿನ ಕೈ, ಪ್ಲಾಸ್ಟರಿನ ಕಾಲು ಕೊಟ್ಟು ಮೂಲೆಗೆ ಕೂರಿಸುತ್ತಿದ್ದರಂತೆ. ಆಮೇಲೆ ಒಬ್ಬ ದೊಡ್ಡ ಶಿಲ್ಪಿಯ ಕಾರ್ಖಾನೆಯಲ್ಲಿ ಹತ್ತು ಹನ್ನೊಂದು ವರ್ಷ. ಅಲ್ಲಿ ರಾಣಿಯ ಮೂರ್ತಿ ಒಂದಾದ ಮೇಲೊಂದು ಮಾಡಿ ದೇಶದೇಶಕ್ಕೆ ಕಳಿಸುತ್ತಿದ್ದರು. ರಾಣಿಯ ಸೀರೆ, ಅಂದರೆ ಅವರ ಉದ್ದ ಅಂಗಿ, ಅದರ ಜಾಳಿಗೆಯ ಅಂಚು, ಕುರ್ಚಿಯ ಜೂಲು ಎಲ್ಲ ಇವಳ ಕೈಯದು. ಕೆಳಗೆ ಹೆಸರು ಮಾತ್ರ ಅವನದು.

"ಹಂಗಾರ ರೊಟ್ಟಿ ಬಡಿಯಾಕಿ ಸೊಸಿ, ಭೇಷ್ ಅನಿಸಿಕೊಳ್ಳಾಕಿ ಅತ್ತಿ" ಎಂದುಬಿಟ್ಟಳು ಅತ್ತೆ. ಅಂದ ಮೇಲೆ ನನ್ನ ಕಡೆ ನೋಡಿ ತುಟಿ ಬಿಗಿದುಕೊಂಡಳು. ರೂತಮ್ಮ ಅದನ್ನು ತಿರುಗಿಸಿ ಹೇಳಿದಾಗ ದೊರೆಸಾನಿ ಕೈಯಲ್ಲಿನ ಮಣ್ಣು ಬೀಳುವಷ್ಟು ನಕ್ಕಳು.

ಅಲ್ಲಿಂದ ಹೊರಬಿದ್ದು ತನ್ನದೇ ಮೂರ್ತಿ ಮಾಡಿದಳು. ನೀರಿನ ಕಾರಂಜಿಗೆ ನಿಲ್ಲಿಸುವ ಒಬ್ಬ ಹುಡುಗಿ. ನೋಡಿದವರೆಲ್ಲ ಮೆಚ್ಚಿದರಂತೆ, ಪತ್ರಿಕೆಯಲ್ಲಿ ಹೆಸರು ಬಂತಂತೆ. ಎರಡು ಮೂರು ವರ್ಷ ಸುಖವಾಗಿತ್ತು. ಅಷ್ಟರಲ್ಲಿ ಲಡಾಯಿ. ಕಾರಂಜಿ ಯಾರಿಗೆ ಬೇಕು? ಇವಳು ಸಿಪಾಯಿಗಳ ದವಾಖಾನೆಗೆ ಸೇರಿದಳು. ಗುಂಡು ಬಡಿದು ದವಡೆ ಹಾರಿದವರು, ಮೂಗು ಹೋದವರು ಅಲ್ಲಿದ್ದರು. ಆ ಕೋಣೆಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲವಂತೆ. ಇವಳು ಅವರ ಮುಖದ ಅಚ್ಚು ತೆಗೆದು, ಹಳೆಯ ಪಟ ನೋಡಿ, ತಾಮ್ರದ ತೆಳು ತಗಡಿನಲ್ಲಿ ಹೋದ ಭಾಗವನ್ನು ಮಾಡಿ, ಅವರ ಮುಖದ ಮೇಲೇ ಇಟ್ಟು ಅವರ ಚರ್ಮದ ಬಣ್ಣವನ್ನೇ ಬಳಿಯುತ್ತಿದ್ದಳು. ಕನ್ನಡಕದ ಕಡ್ಡಿಯಿಂದ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಅವರು ಊರಿಗೆ ಹೋಗುತ್ತಿದ್ದರು. ಕೆಲವರು ಹಾಗೂ ಹೋಗುತ್ತಿರಲಿಲ್ಲ. ಹೆಂಡತಿ ಮಕ್ಕಳು ಹೆದರುತ್ತಾರೆಂದು ಎಲ್ಲೋ ಉಳಿದುಬಿಡುತ್ತಿದ್ದರು.

ನಾನು ಅಲ್ಲಿಯವರೆಗೆ ಕೇಳದೆ ಮಾತಾಡಿದವಳಲ್ಲ. ಆಗ ಮಾತಾಡಿದೆ. "ನಮ್ಮ ಕಡೀಯವರು ಯಾರರ ಇದ್ದರೇನಂತ ಕೇಳಬೇ ಅಲ್ಲಿ."

ರೂತಮ್ಮ ಕೇಳಿದಳು. ದೊರೆಸಾನಿಯ ಕೈ ನಿಂತಿತು. "ಅಲ್ಲಿ ಇರಲಿಲ್ಲಂತ. ಬ್ಯಾರೆ ಕಡೆ ಇದ್ದರೋ ಏನೋ, ಗೊತ್ತಿಲ್ಲ ಅಂತಾಳ" ಎಂದಳು ರೂತಮ್ಮ.

ಆ ಗೊತ್ತಿಲ್ಲ ಎಂಬ ಮಾತು ನನ್ನ ತಲೆ ಕೆಡಿಸಿತು. ಸತ್ತಿಲ್ಲದಿರಬಹುದು, ಮುಖ ಕೆಟ್ಟು ಬೊಂಬಾಯಿಯಲ್ಲೋ ಬಸ್ರಾದಲ್ಲೋ ಬಟ್ಟೆ ಸುತ್ತಿಕೊಂಡು ಕುಳಿತಿರಬಹುದು. ಹಾಗೆ ಅನಿಸಿದಾಗ ಒಂದು ಕ್ಷಣ ಖುಷಿಯಾಗುವುದು. ಮರುಕ್ಷಣ ಆ ಬಟ್ಟೆಯ ಒಳಗಿನದನ್ನು ನೆನೆದು ಮೈ ನಡುಗುವುದು. ನಡುಗಿತಲ್ಲ ಎಂದು ನಾಚಿಕೆಯಾಗುವುದು. ಇಷ್ಟರ ನಡುವೆ ಮುದಗಲ್ಲಿನ ಮಾಸ್ತರರು ಹೇಗಿರಬಹುದು ಎಂಬ ಯೋಚನೆಯೂ ಬಂದುಹೋಗುವುದು. ಅದು ಸುಳ್ಳು ಎಂದು ಈ ವಯಸ್ಸಿನಲ್ಲಿ ಯಾಕೆ ಹೇಳಲಿ? ನಾನು ಕೂತು ಮಾಡಿಸುತ್ತಿರುವುದು ಸತ್ತವರ ಮುಖವೋ ಬದುಕಿದವರದೋ, ಇವರನ್ನು ನಾನು ಕಾಯುತ್ತಿದ್ದೇನೋ ಕಳಿಸುತ್ತಿದ್ದೇನೋ, ಒಂದೂ ತಿಳಿಯದಾಯಿತು.

ಲಡಾಯಿ ಮುಗಿದ ಮೇಲೆ ಅವಳ ದೇಶದಲ್ಲಿ ಊರೂರಿಗೂ ಕಲ್ಲಿನ ಸಿಪಾಯಿ ಬೇಕಾಯಿತಂತೆ. ಹೆಣಗಳು ಪರದೇಶದಲ್ಲೇ ಮಣ್ಣಾಗಿದ್ದವು. ತಲೆ ತಗ್ಗಿಸಿ ನಿಂತ ಒಬ್ಬನೇ ಸಿಪಾಯಿಯನ್ನು ಇವಳು ಮತ್ತೆ ಮತ್ತೆ ಕೆತ್ತಿ ಕಳಿಸಿದಳು. ಒಂದೂರಲ್ಲಿ ಒಬ್ಬ ಮುದುಕಿ ಬಂದು, ಇದು ನನ್ನ ಮಗನ ಗದ್ದ, ನಿನಗೆ ಹೇಗೆ ಗೊತ್ತಾಯಿತು ಎಂದು ಇವಳ ಕೈಗೆ ಮುತ್ತಿಟ್ಟಳಂತೆ. ಅದು ಯಾರ ಗದ್ದವೂ ಆಗಿರಲಿಲ್ಲ. ಅಲ್ಲ ಎಂದು ಹೇಳಲಿಲ್ಲವಂತೆ. ಹೇಳಬೇಕಿತ್ತೇ ಎಂದು ಇವಳು ರೂತಮ್ಮನ ಮೂಲಕ ನಮ್ಮನ್ನೇ ಕೇಳಿದಳು. ಅತ್ತೆ ನೆಲ ನೋಡಿದಳು. ಕ್ರಮೇಣ ಆ ಕೆಲಸವೂ ನಿಂತಿತು. ಹೊಸ ಶಿಲ್ಪಿಗಳು ಬಂದು, ಮೂರ್ತಿಗೆ ಕಣ್ಣು ಮೂಗು ಯಾಕೆ ಬೇಕು, ಇದೆಲ್ಲ ಹಳೇ ಕಾಲದ ಕೆಲಸ ಎಂದು ನಕ್ಕರಂತೆ. ಇವಳು ಕಾರ್ಖಾನೆಗೆ ಬೀಗ ಹಾಕಿ ಹಡಗು ಹತ್ತಿದಳು.

"ಮದುವಿ?" ಎಂದಳು ಅತ್ತೆ.

ರೂತಮ್ಮ ಕೇಳಿ, ಉತ್ತರ ಕೇಳಿ, ಮತ್ತೆ ಕೇಳಿ, ತಲೆ ಕೆರೆದುಕೊಂಡಳು. "ಒಬ್ಬಂವ ಇದ್ದನಂತ. ಲಡಾಯಿಗೆ ಹೋಗಿದ್ದನಂತ. ಬಂದ, ಆದರ ಬರಲಿಲ್ಲ ಅಂತಾಳ. ನನಗೂ ತಿಳಿಯವಲ್ದು ಯವ್ವಾ."

ಆರನೆಯ ದಿನಕ್ಕೆ ಮುಖ ಮುಗಿಯಿತು. ಅತ್ತೆ ನೋಡಿದವಳೇ ಅದರ ಮುಂದೆ ಹೋಗಿ ಕುಳಿತಳು. "ಸಂಗ್ಯಾ" ಎಂದಳು. ಮಾವ ಕಣದಿಂದ ನೇರ ಬಂದು ಬಾಗಿಲಲ್ಲೇ ನಿಂತು, ರುಮಾಲು ತೆಗೆದು ಕಣ್ಣೊರೆಸಿಕೊಂಡು ಹೋದರು. ನಾನು ನೋಡಿದೆ. ಕಣ್ಣು ತೆರೆದ, ಗಟ್ಟಿ ದವಡೆಯ ಒಬ್ಬ ಗಂಡಸು ನನ್ನನ್ನೇ ನೋಡುತ್ತಿದ್ದ. ಯಾರೋ ಪರಕೀಯ. ಕೈ ತಾನಾಗಿ ಸೆರಗಿಗೆ ಹೋಯಿತು.

ದೊರೆಸಾನಿ ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಯಿತು. ಕಣ್ಣು ಕಿತ್ತು ಹೊಸದಾಗಿ ಮಾಡಿದಳು. ನನಗೆ ಅವರಲ್ಲ. ಮರುದಿನ ಮತ್ತೆ ಮಾಡಿದಳು. ಅಲ್ಲ. ಮೂರನೆಯ ಸಲವೂ ಅಲ್ಲ ಎಂದು ನನ್ನ ಮುಖ ಹೇಳಿದಾಗ ಮರದ ಚಾಕುವನ್ನು ನೆಲಕ್ಕೆ ಒಗೆದು ಏನೋ ಅಂದಳು. "ಏನ ತಪ್ಪೈತಿ ಅಂತ ಹೇಳವ್ವಾ ತಂಗಿ, ತಾಯಿಗೆ ಗುರುತ ಸಿಕ್ಕೈತಿ, ನಿನಗ್ಯಾಕ ಸಿಗವಲ್ದು ಅಂತ ಕೇಳಾಕತ್ತಾಳ" ಎಂದಳು ರೂತಮ್ಮ. ನಾನು ಅಳತೊಡಗಿದೆ. ಅತ್ತೆ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ಅದು ಸಿಟ್ಟಲ್ಲ, ನನ್ನ ಮಗ ನಿನಗೆ ಯಾರೂ ಆಗಿರಲಿಲ್ಲವೇ ಎಂದು ಕೇಳುವ ನೋಟ.

ಮರುದಿನ ಸೋಮವಾರ. ಅಯ್ಯನವರು, ಮಾವ, ನನ್ನ ಅಣ್ಣ ಬಂಡಿ ಕಟ್ಟಿಕೊಂಡು ಬಂಗಲೆಗೆ ಬಂದೇಬಿಟ್ಟರು. ಹೊಲದಲ್ಲಿ ಕುಣಿ ತೋಡಿಸಿ ಆಗಿತ್ತು. ಅಯ್ಯನವರು ಮಣ್ಣಿನ ಮುಖ ನೋಡಿ ಹಿಂದೆ ಸರಿದರು. "ಕಣ್ಣ ತೆರದದ್ದನ್ನ ಮಣ್ಣಾಗ ಇಡಾಕ ಬರೂದಿಲ್ಲ ಗೌಡ್ರ. ಜೀವಂತ ಹುಗದಂಗ ಆಕ್ಕೈತಿ. ಕಣ್ಣ ಮುಚ್ಚಸ್ರಿ."

ಇನ್ನು ಮುಚ್ಚಿಡುವುದು ಹೇಗೆ? ರೂತಮ್ಮ ಎಲ್ಲವನ್ನೂ ಹೇಳಿದಳು: ಇದು ಮನೆಯಲ್ಲಿಡಲು ಅಲ್ಲ, ಹುಗಿಯಲು; ಹುಗಿದರೆ ಈ ಹೆಣ್ಣು ಬಿಡುಗಡೆಯಾಗುತ್ತಾಳೆ, ಇನ್ನೊಂದು ಮನೆ ಸೇರುತ್ತಾಳೆ. ದೊರೆಸಾನಿಯ ಮುಖ ಕೆಂಪೇರಿತು. ಒದ್ದೆ ಬಟ್ಟೆಯನ್ನು ಆ ಮುಖದ ಮೇಲೆ ಎಳೆದು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಅತ್ತೆ ಹೋಗಿ ಅವಳ ಪಕ್ಕ ಕುಳಿತಳು. ತಿರುಗಿಸಿ ಹೇಳಲು ರೂತಮ್ಮ ಅಲ್ಲಿರಲಿಲ್ಲ. ಬಹಳ ಹೊತ್ತಾದ ಮೇಲೆ ದೊರೆಸಾನಿ ಎದ್ದು ಬಂದು, ಬಟ್ಟೆ ತೆಗೆದು, ನನ್ನನ್ನು ಹತ್ತಿರ ಕರೆದಳು.

"ಇವರೆಲ್ಲ ಇರಲಿ, ನೀ ಹೇಳು ಅಂತಾಳ" ಎಂದಳು ರೂತಮ್ಮ. "ಅಂವ ಸತ್ತಾನೇನು? ಮುಚ್ಚಲೋ, ತೆರದ ಬಿಡಲೋ? ನೀ ಅಂದಂಗ ಮಾಡತಾಳಂತ."

ಆರು ವರ್ಷದಲ್ಲಿ ಯಾರೂ ನನಗೆ ಇದನ್ನು ಕೇಳಿರಲಿಲ್ಲ. ಅಣ್ಣ ಕಣ್ಣಲ್ಲೇ ಹೂಂ ಅನ್ನು ಎನ್ನುತ್ತಿದ್ದ. ಮಾವ ಬೆಟ್ಟದ ಕಡೆ ನೋಡುತ್ತಿದ್ದರು. ಅತ್ತೆ ಬಾಗಿಲಲ್ಲಿದ್ದಳು. "ನನಗ ಗೊತ್ತಿಲ್ರಿ" ಎಂದೆ. ಖರೆ ಮಾತು ಅದೊಂದೇ ಇತ್ತು. ನಾನು ಇನ್ನೂ ಎಷ್ಟು ವರ್ಷ ಕುಂಕುಮದ ಬೆರಳು ನನ್ನ ಮುಂದೆ ನಿಲ್ಲುವುದನ್ನು ನೋಡುತ್ತ ಕೂರುವುದು ಎಂದುಕೊಂಡೆ. "ಮುಚ್ಚರಿ" ಎಂದೆ.

ಅವಳು ಹೆಬ್ಬೆರಳು ನೀರಿನಲ್ಲಿ ಅದ್ದಿ, ಮೇಲಿನ ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದಳು. ಒಂದು ಕಣ್ಣು. ಆಮೇಲೆ ಇನ್ನೊಂದು. ಉಗುರಿನಿಂದ ಒಂದು ಗೆರೆ ಕೊಟ್ಟು ಪಕ್ಕಕ್ಕೆ ಸರಿದಳು.

ಅವರೇ.

ಅದೇ ಹಣೆ, ಅದೇ ತುಟಿ, ಸ್ವಲ್ಪ ಬಲಕ್ಕೆ ಜಗ್ಗಿದ ಬಾಯಿ. ದಿನಾ ಬೆಳಗಾಗುವ ಹೊತ್ತಿಗೆ, ಬೀಸಲು ಏಳುವ ಮುಂಚೆ, ಮಲಗಿದ್ದ ಅವರನ್ನು ನಾನು ನೋಡುತ್ತಿದ್ದೆ. ಅದೊಂದೇ ಹೊತ್ತು ನನಗೆ ನೋಡಲು ಸಿಕ್ಕದ್ದು. ಏಳು ತಿಂಗಳಲ್ಲಿ ನಾನು ಕಂಡ ಗಂಡ ನಿದ್ದೆ ಮಾಡುತ್ತಿದ್ದ ಗಂಡ. ಅವರ ತೆರೆದ ಕಣ್ಣನ್ನು ನಾನು ಕಂಡೇ ಇರಲಿಲ್ಲ, ಗುರುತು ಸಿಗುವುದು ಎಲ್ಲಿಂದ? ಅವರು ನಿದ್ದೆ ಮಾಡುತ್ತಿದ್ದಾರೆ, ಇನ್ನೇನು ಎದ್ದು ಗಂಟಲು ಸರಿಮಾಡಿಕೊಳ್ಳುತ್ತಾರೆ ಎನಿಸಿತು. ಸತ್ತರೆಂದು ಹೇಳಿ ಬಾಯಿ ಮುಚ್ಚುವ ಮುಂಚೆಯೇ ಅವರು ನನಗೆ ಸಿಕ್ಕಿದ್ದರು.

"ಬ್ಯಾಡ್ರಿ" ಎಂದು ಕೂಗಿದೆ. ಮಾವನ ಎದುರಿಗೆ ಸೆರಗು ಬಿದ್ದದ್ದೂ ಗೊತ್ತಿಲ್ಲ. "ಹುಗಿಬ್ಯಾಡ್ರಿ. ಇವರೇ ಅದಾರ. ನನ್ನ ಹತ್ರನ ಇರಲಿ, ನಾ ಎಲ್ಲೂ ಹೋಗಂಗಿಲ್ಲ." ಅಣ್ಣ ನನ್ನ ರಟ್ಟೆ ಹಿಡಿದ. ಅತ್ತೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು. "ಸಿಕ್ಕನೇನಬೇ ನಿನಗ? ಸಿಕ್ಕನಾ?" ಎಂದು ನನ್ನ ಕಿವಿಯಲ್ಲಿ ಕೇಳುತ್ತ ಅತ್ತಳು. ಆಮೇಲೆ ಅವಳೇ ಅಣ್ಣನಿಗೆ ಹೇಳಿದಳು, "ಎತ್ತರಿ. ಇದನ್ನ ಮನ್ಯಾಗ ಇಟ್ಟಷ್ಟೂ ಇಕಿ ಕಾದು ಸಾಯತಾಳ."

ಎತ್ತುವ ಮುಂಚೆ ದೊರೆಸಾನಿ ಕತ್ತಿನ ಹಿಂದೆ ಕಡ್ಡಿಯಿಂದ ಎರಡು ಅಕ್ಷರ ಗೀರಿದಳು. ತನ್ನ ಹೆಸರಂತೆ. ಮಣ್ಣಲ್ಲಿ ಮಣ್ಣಾಗುವುದಕ್ಕೆ ಹೆಸರು ಯಾಕೆ ಎಂದು ರೂತಮ್ಮ ಕೇಳಿದಾಗ, ಇಷ್ಟು ಚೆನ್ನಾಗಿ ನಾನು ಬೇರೆ ಯಾವುದನ್ನೂ ಮಾಡಿಲ್ಲ ಎಂದಳಂತೆ. ಜೋಳದ ದಂಟಿನ ಮೈಗೆ ಅವರ ಅಂಗಿ ತೊಡಿಸಿ, ಮೇಲೆ ಮುಖವಿಟ್ಟು, ನಮ್ಮವರ ಪದ್ಧತಿಯಂತೆ ಕುಣಿಯಲ್ಲಿ ಕೂರಿಸಿದರು. ವಿಭೂತಿ, ಪತ್ರೆ ಏರಿಸಿದರು. ಹಸಿ ಕೆನ್ನೆಗೆ ವಿಭೂತಿ ಅಂಟಿತ್ತು. ದೊರೆಸಾನಿ ಟೊಪ್ಪಿಗೆ ಕೈಯಲ್ಲಿ ಹಿಡಿದು ದೂರ ನಿಂತಿದ್ದಳು. ನನ್ನ ಕೈಯಲ್ಲೂ ಮಣ್ಣು ಕೊಟ್ಟರು, ಹಾಕು ಎಂದರು, ಹಾಕಿದೆ. ಬಳೆ ಒಡೆದರು. ವಾರದಲ್ಲಿ ದೊರೆಸಾನಿ ಗಣಿಯ ಕಡೆ ಹೊರಟುಹೋದಳು. ಅವಳ ದೇಶದಲ್ಲಿ ಅವಳ ಹೆಸರು ಯಾರಿಗಾದರೂ ನೆನಪಿದೆಯೋ ಇಲ್ಲವೋ ನನಗೆ ತಿಳಿಯದು.

ಸತ್ತದ್ದು ಬಸ್ರಾದಲ್ಲೋ, ಸತ್ತರೋ ಇಲ್ಲವೋ, ನಾನು ಮಣ್ಣು ಕೊಟ್ಟದ್ದು ಯಾರಿಗೆ ಎಂದು ಈಗ ಕೇಳಿದರೂ ಉತ್ತರವಿಲ್ಲ. ಬೇಸಿಗೆ ಕಳೆದ ಮೇಲೆ ಮುದಗಲ್ಲಿನಲ್ಲಿ ಉಡಕಿ ಆಯಿತು. ಈ ಬರೆಯುವ ಅಕ್ಷರ ಕಲಿಸಿದವರು ಆ ಮಾಸ್ತರರೇ. ಉಡಕಿಯಾಗಿ ಹೋದ ಮೊದಲನೆಯ ದಿನ ಅವರು ಪಡಸಾಲೆಯಲ್ಲಿ ಎಲ್ಲರ ನಡುವೆ ಊಟಕ್ಕೆ ಕುಳಿತಿದ್ದರು. ನಾನು ರೊಟ್ಟಿ ಬಡಿಸಿ ಒಳಗೆ ಹೋಗಲಿಲ್ಲ. ಸೆರಗು ಹಿಂದೆ ಸರಿಸಿ ಅವರ ಎದುರಿಗೇ ಕುಳಿತು, "ಒಂದೀಟು ಇತ್ತ ನೋಡ್ರಿ" ಎಂದೆ. ಅವರು ಮುರಿದ ರೊಟ್ಟಿ ಕೈಯಲ್ಲೇ ಹಿಡಿದು ಗಲಿಬಿಲಿಯಾಗಿ ತಲೆ ಎತ್ತಿದರು. ಅವರ ತಾಯಿ ಒಲೆಯ ಮುಂದಿನಿಂದ, "ಏನ ನಡಸೀಯವ್ವಾ ಅಲ್ಲಿ?" ಎಂದರು.

"ಮಾರಿ ನೋಡಾಕತ್ತೀನ್ರಿ ಅತ್ತಿ" ಎಂದೆ, ಮತ್ತು ನೋಡಿದೆ.